ವಿನೈಲ್ ಹಾಸುವ ಮುನ್ನ: ನೆಲಮಾಳಿಗೆಯ ಅಡಿಹಾಸಿನ ವಿಚಾರ

ಉತ್ತರ ಅಮೆರಿಕದ ಮನೆಗಳ ನೆಲಮಾಳಿಗೆಗೆ ಇಂದು ಹೇರಳವಾಗಿ ಬಳಕೆಯಾಗುತ್ತಿರುವ ವಿನೈಲ್ ಹಲಗೆಗಳ ಪೆಟ್ಟಿಗೆಯ ಮೇಲೆ ಅವು ನೀರಿಗೆ ಕೆಡುವುದಿಲ್ಲವೆಂಬ ಭರವಸೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಆ ಮಾತು ಸುಳ್ಳಲ್ಲ. ಮೇಲಿನಿಂದ ಚೆಲ್ಲಿದ ನೀರನ್ನು ವಿನೈಲ್ ಹೀರಿಕೊಳ್ಳುವುದಿಲ್ಲ, ಉಬ್ಬುವುದಿಲ್ಲ, ಕೊಳೆಯುವುದೂ ಇಲ್ಲ. ಆದರೆ ನೆಲಮಾಳಿಗೆಯಲ್ಲಿ ನೀರಿನ ಬಾಧೆ ಬಹುಮಟ್ಟಿಗೆ ಮೇಲಿನಿಂದ ಬರುವುದಲ್ಲ, ಮಣ್ಣಿನೊಡನೆ ಮುಖಾಮುಖಿಯಾಗಿರುವ ಕಾಂಕ್ರೀಟಿನ ಮೂಲಕ ಕೆಳಗಿನಿಂದ ಏರಿ ಬರುವುದು. ಹಾಗೆ ಏರಿ ಬಂದ ತೇವಕ್ಕೆ ಹೊರಹೋಗಲು ದಾರಿ ಕೊಡದೆ ಮುಚ್ಚಿಡುವ ಗುಣವೇ, ಅಂದರೆ ನೀರನ್ನು ಬಿಟ್ಟುಕೊಡದ ಆ ಶ್ಲಾಘ್ಯ ಗುಣವೇ, ಇಲ್ಲಿ ತೊಂದರೆಯ ಮೂಲವಾಗುತ್ತದೆ. ಆದ್ದರಿಂದ ನೆಲಮಾಳಿಗೆಯ ನೆಲ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಕಣ್ಣಿಗೆ ಕಾಣುವ ವಿನೈಲಿಗಿಂತ ಹೆಚ್ಚಾಗಿ ಅದರ ಕೆಳಗೆ ಮರೆಯಾಗುವ ಅಡಿಹಾಸು ನಿರ್ಧರಿಸುತ್ತದೆ. ಅಡಿಹಾಸು, ಅಥವಾ ಕಟ್ಟಡದ ಕೆಲಸದವರು ಸಬ್‌ಫ್ಲೋರ್ ಎನ್ನುವ ಪದರ, ಕಾಂಕ್ರೀಟಿಗೂ ಮೇಲುಹಾಸಿಗೂ ನಡುವೆ ಕಟ್ಟುವ ಆಧಾರ.

ಮನೆಯ ಕೆಳಗೆ ಇಂಥದೊಂದು ಮಾಳಿಗೆ ಇರುವುದಕ್ಕೆ ಕಾರಣ ಅಲ್ಲಿನ ಚಳಿ. ಮಣ್ಣಿನಲ್ಲಿರುವ ನೀರು ಹೆಪ್ಪುಗಟ್ಟಿದಾಗ ಹಿಗ್ಗಿ ಪಾಯವನ್ನು ಮೇಲಕ್ಕೆತ್ತುವುದರಿಂದ, ಚಳಿಗಾಲದಲ್ಲಿ ಮಣ್ಣು ಎಷ್ಟು ಆಳದವರೆಗೆ ಹೆಪ್ಪುಗಟ್ಟುತ್ತದೆಯೋ ಅದಕ್ಕಿಂತ ಕೆಳಗೆ ಪಾಯ ಇಳಿಯಬೇಕೆಂದು ಕಟ್ಟಡ ನಿಯಮಗಳು ವಿಧಿಸುತ್ತವೆ. ಆ ಆಳ ಶಿಕಾಗೊ ನಗರದಲ್ಲಿ 42 ಅಂಗುಲ, ಮಿನೆಸೋಟ ರಾಜ್ಯದ ಉತ್ತರ ಭಾಗದಲ್ಲಿ 60 ಅಂಗುಲ, ಟೊರಾಂಟೊ ಸುತ್ತಮುತ್ತ ಸುಮಾರು 1.2 ಮೀಟರ್. ಹೇಗೂ ಇಷ್ಟು ಅಗೆಯಬೇಕಾದ ಮೇಲೆ ಇನ್ನಷ್ಟು ಅಗೆದು ಒಂದು ಪೂರ್ಣ ಅಂತಸ್ತನ್ನೇ ಪಡೆಯುವುದು ಅಗ್ಗವೆನಿಸಿ ಈ ಪದ್ಧತಿ ಬೇರೂರಿತು. ಹೆಪ್ಪುಗಟ್ಟುವ ಭಯವಿಲ್ಲದ ಟೆಕ್ಸಸ್, ಫ್ಲಾರಿಡಾಗಳಲ್ಲಿ ನೆಲಮಾಳಿಗೆಯುಳ್ಳ ಮನೆಗಳು ವಿರಳ. ನ್ಯೂಜೆರ್ಸಿ, ಮಿಶಿಗನ್, ಇಲಿನಾಯ್, ಒಂಟಾರಿಯೊಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಈ ಮಾಳಿಗೆ ಊರಿನಿಂದ ಬಂದ ತಂದೆತಾಯಿಗಳ ಕೋಣೆಯಾಗಿ, ಮಕ್ಕಳ ಆಟದ ಜಾಗವಾಗಿ, ಭಜನೆಯ ಕೂಟಕ್ಕೂ ಭರತನಾಟ್ಯದ ಅಭ್ಯಾಸಕ್ಕೂ ಒದಗುವ ಹಜಾರವಾಗಿ ಬಳಕೆಯಾಗುತ್ತದೆ. ನೆಲದ ಮೇಲೆ ಕುಳಿತು, ಮಲಗಿ, ಬರಿಗಾಲಿನಲ್ಲಿ ಓಡಾಡುವ ರೂಢಿಯವರಿಗೆ ಆ ನೆಲದ ಥಂಡಿ ಮತ್ತು ಗಡಸುತನ, ಕುರ್ಚಿ ಹಾಕಿಕೊಂಡು ಕಾಲುಚೀಲ ತೊಟ್ಟು ಕೂರುವವರಿಗಿಂತ ಬೇಗ ತಟ್ಟುತ್ತದೆ.

ನೆಲಮಾಳಿಗೆಯ ಕಾಂಕ್ರೀಟ್ ಹಾಸು ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕು ಅಂಗುಲ ದಪ್ಪವಿರುತ್ತದೆ. ಕ್ರಮಬದ್ಧವಾಗಿ ಕಟ್ಟಿದ ಮನೆಯಲ್ಲಿ ಅದರ ಕೆಳಗೆ ಜಲ್ಲಿಯ ಪದರವೂ, ಜಲ್ಲಿ ಮತ್ತು ಕಾಂಕ್ರೀಟಿನ ನಡುವೆ ಆವಿಯನ್ನು ತಡೆಯುವ ದಪ್ಪ ಪಾಲಿಥೀನ್ ಹಾಳೆಯೂ ಇರುತ್ತವೆ. ಹಳೆಯ ಮನೆಗಳಲ್ಲಿ ಆ ಹಾಳೆ ಇರುವುದಿಲ್ಲ, ಅನೇಕ ಕಡೆ ಜಲ್ಲಿಯೂ ಇರುವುದಿಲ್ಲ. ಕಾಂಕ್ರೀಟ್ ನೋಟಕ್ಕೆ ಬಂಡೆಯಂತಿದ್ದರೂ ಸೂಕ್ಷ್ಮ ರಂಧ್ರಗಳಿಂದ ತುಂಬಿರುವ ವಸ್ತುವಾದುದರಿಂದ, ಒದ್ದೆ ಮಣ್ಣಿನಿಂದ ನೀರನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ ಮತ್ತು ಆವಿಯನ್ನು ತನ್ನ ಮೂಲಕ ಹಾಯಗೊಡುತ್ತದೆ. ಮುಚ್ಚದೆ ಬಿಟ್ಟ ಕಾಂಕ್ರೀಟ್ ಒಣಗಿದಂತೆ ಕಾಣುವುದು ಅದರಲ್ಲಿ ತೇವವಿಲ್ಲವೆಂದಲ್ಲ, ಮೇಲಕ್ಕೆ ಬಂದ ತೇವ ಬಂದ ಹಾಗೆಯೇ ಕೋಣೆಯ ಗಾಳಿಗೆ ಸೇರಿಹೋಗುತ್ತಿರುತ್ತದೆ ಎಂದು. ಅದರ ಮೇಲೆ ವಿನೈಲ್ ಹಾಸಿದೊಡನೆ ಈ ವ್ಯವಹಾರ ನಿಂತು, ತಳದಲ್ಲಿದ್ದ ಹೆಚ್ಚಿನ ತೇವ ಕ್ರಮೇಣ ಮೇಲ್ಮೈಗೂ ಸಮನಾಗಿ ಹಂಚಿಕೊಳ್ಳುತ್ತದೆ. ಜೊತೆಗೆ ಕಾಂಕ್ರೀಟಿನೊಳಗಿನ ಕ್ಷಾರವೂ ಆ ತೇವದೊಡನೆ ಏರಿ ಬರುವುದರಿಂದ, ಅಂಟು ಹಾಕಿ ಕೂರಿಸಿದ ವಿನೈಲ್ ಆಗಿದ್ದರೆ ಅಂಟು ಮೆತ್ತಗಾಗಿ, ಲೋಳೆಯಂತಾಗಿ, ಕೀಲುಗಳಲ್ಲಿ ಒಸರತೊಡಗುತ್ತದೆ.

ಕೆಳಗಿನ ತೇವದಷ್ಟೇ ಮುಖ್ಯವಾದ, ಆದರೆ ಗಮನಕ್ಕೆ ಬಾರದೆ ಹೋಗುವ ಇನ್ನೊಂದು ಮೂಲ ಕೋಣೆಯ ಗಾಳಿಯೇ. ಬೇಸಿಗೆಯ ಒಂದು ದಿನ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ, ಶೇಕಡಾ 60ರಷ್ಟು ತೇವಾಂಶದ ಗಾಳಿ ಕಿಟಕಿಯಿಂದ ನೆಲಮಾಳಿಗೆಗೆ ಇಳಿಯಿತೆಂದು ಭಾವಿಸಿದರೆ, ಆ ಗಾಳಿಯ ಇಬ್ಬನಿಬಿಂದು, ಅಂದರೆ ಅದರಲ್ಲಿರುವ ಆವಿ ನೀರಾಗಿ ಕೂರತೊಡಗುವ ಉಷ್ಣತೆ, ಸುಮಾರು 16.7 ಡಿಗ್ರಿ. ಮಣ್ಣಿನ ತಂಪನ್ನು ಹೊತ್ತ ಕಾಂಕ್ರೀಟಿನ ಮೇಲ್ಮೈ 15 ಡಿಗ್ರಿಯಲ್ಲಿದ್ದರೆ ಅದರ ಮೇಲೆ ನೀರು ನೇರವಾಗಿ ಬೆವರಿನಂತೆ ಕೂರುತ್ತದೆ. 19 ಡಿಗ್ರಿಯಲ್ಲಿದ್ದರೂ ಮೇಲ್ಮೈಗೆ ತಾಗಿದ ಗಾಳಿಯ ತೇವಾಂಶ ಶೇಕಡಾ 86ರ ಆಸುಪಾಸಿಗೆ ಏರುತ್ತದೆ, ಬೂಷ್ಟು ಬೆಳೆಯಲು ಅಷ್ಟು ಸಾಕು. ಹೊರಗೆ ಬಿಸಿಲಿದೆ, ಗಾಳಿಯಾಡಲಿ ಎಂದು ಬೇಸಿಗೆಯಲ್ಲಿ ನೆಲಮಾಳಿಗೆಯ ಕಿಟಕಿ ತೆರೆದಿಡುವ ಸದುದ್ದೇಶದ ಅಭ್ಯಾಸ ನೆಲವನ್ನು ಒಣಗಿಸುವ ಬದಲು ಒದ್ದೆ ಮಾಡುವುದು ಹೀಗೆ. ಈ ತೇವಕ್ಕೆ ಪಾಲಿಥೀನ್ ಹಾಳೆ ಪರಿಹಾರವಲ್ಲ, ಏಕೆಂದರೆ ಹಾಳೆ ಆವಿಯನ್ನು ತಡೆಯಬಲ್ಲದೇ ಹೊರತು ತಣ್ಣನೆಯ ಮೇಲ್ಮೈಯನ್ನು ಬೆಚ್ಚಗಾಗಿಸಲಾರದು. ಬೆಚ್ಚಗಾಗಿಸಲು ಶಾಖನಿರೋಧಕ ಪದರ ಬೇಕು, ಗಾಳಿಯ ತೇವವನ್ನು ತಗ್ಗಿಸಲು ಡಿಹ್ಯುಮಿಡಿಫೈಯರ್ ಬೇಕು. ಅಡಿಹಾಸಿನ ಕುರಿತ ಹೆಚ್ಚಿನ ಗೊಂದಲಗಳು ಈ ಎರಡು ಬಗೆಯ ತೇವಗಳನ್ನು ಒಂದೇ ಎಂದು ತಿಳಿಯುವುದರಿಂದ ಹುಟ್ಟುತ್ತವೆ.

ಮೂರನೆಯ ಬಗೆ ಹರಿದು ಬರುವ ನೀರು. ಗೋಡೆ ಮತ್ತು ನೆಲ ಕೂಡುವ ಸಂದಿನಿಂದಲೋ ಬಿರುಕಿನಿಂದಲೋ ಹಿಮ ಕರಗುವ ವಸಂತದಲ್ಲಿ ಅಥವಾ ಜೋರು ಮಳೆಯಲ್ಲಿ ಒಳನುಗ್ಗುವ ನೀರನ್ನು ಯಾವ ಅಡಿಹಾಸೂ ಗೆಲ್ಲಲಾರದು. ಅದಕ್ಕೆ ಮದ್ದು ಮನೆಯ ಹೊರಗಿದೆ. ಛಾವಣಿಯ ದೋಣಿಗಳಲ್ಲಿ ಕಟ್ಟಿಕೊಂಡ ಎಲೆಗಳನ್ನು ತೆಗೆಯುವುದು, ಇಳಿಕೊಳವೆಯ ನೀರನ್ನು ಪಾಯದಿಂದ ದೂರಕ್ಕೆ ಬಿಡುವುದು, ಗೋಡೆಯಿಂದ ಮೊದಲ 10 ಅಡಿಯಲ್ಲಿ ಮಣ್ಣು 6 ಅಂಗುಲವಾದರೂ ಇಳಿಜಾರಾಗಿರುವಂತೆ ತುಂಬುವುದು, ಇವಿಷ್ಟರಿಂದಲೇ ಎಷ್ಟೋ ನೆಲಮಾಳಿಗೆಗಳು ಒಣಗುತ್ತವೆ. ಸಾಲದಿದ್ದಲ್ಲಿ ಪಾಯದ ಬುಡದಲ್ಲಿ ನೀರು ಹೀರುವ ಕೊಳವೆಯನ್ನೂ, ಅದು ಬಂದು ಸೇರುವ ಗುಂಡಿಯಲ್ಲಿ ಸಂಪ್ ಪಂಪನ್ನೂ ಕೂರಿಸಬೇಕಾಗುತ್ತದೆ. ಈ ಕೆಲಸ ಮುಗಿದು ಒಂದು ವಸಂತವಾದರೂ ಒಣನೆಲದೊಡನೆ ಕಳೆಯುವವರೆಗೆ ಅಡಿಹಾಸಿಗೆ ಕೈ ಹಾಕದಿರುವುದು ವಿವೇಕ.

ಒಣಗಿದೆ ಎಂಬುದನ್ನು ಕಣ್ಣಳತೆಯಲ್ಲಿ ಹೇಳುವಂತಿಲ್ಲವಾದ್ದರಿಂದ ಪರೀಕ್ಷೆಗಳಿವೆ. ಅತಿ ಸರಳವಾದುದು 18 ಅಂಗುಲದ ಚೌಕಾಕಾರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಕಾಂಕ್ರೀಟಿಗೆ ಅಂಟಿಸಿ, ಕಡಿಮೆಯೆಂದರೆ 16 ಗಂಟೆ ಬಿಟ್ಟು ತೆಗೆದು ನೋಡುವುದು. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಅಥವಾ ಕಾಂಕ್ರೀಟಿನ ಬಣ್ಣ ಗಾಢವಾಗಿದ್ದರೆ ತೇವ ಏರುತ್ತಿದೆಯೆಂದು ಖಚಿತ, ಏನೂ ಕಾಣದಿದ್ದರೆ ಮಾತ್ರ ತೇವವಿಲ್ಲವೆಂದು ಖಚಿತವಲ್ಲ. ಎರಡನೆಯದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ತೇವ ಹೀರುವ ಲವಣವನ್ನು ಪುಟ್ಟ ಬಟ್ಟಲಲ್ಲಿಟ್ಟು ಮೇಲೆ ಮುಚ್ಚಳ ಕೂರಿಸಿ, 60ರಿಂದ 72 ಗಂಟೆಗಳ ಬಳಿಕ ಅದರ ತೂಕ ಎಷ್ಟು ಹೆಚ್ಚಿತೆಂದು ನೋಡುತ್ತಾರೆ. ಸಾವಿರ ಚದರಡಿಗೆ ದಿನಕ್ಕೆ 3 ಪೌಂಡಿಗಿಂತ ಹೆಚ್ಚು ಆವಿ ಹೊರಬಂದರೆ ವಿನೈಲಿಗೆ ಸಲ್ಲದೆಂಬುದು ಬಹುಕಾಲದಿಂದ ನಡೆದುಬಂದ ಮಿತಿ. ಮೂರನೆಯದು ಕಾಂಕ್ರೀಟಿಗೆ ಅದರ ದಪ್ಪದ ಶೇಕಡಾ 40ರಷ್ಟು ಆಳಕ್ಕೆ ರಂಧ್ರ ಕೊರೆದು ಅಲ್ಲಿನ ತೇವಾಂಶವನ್ನು ಸಂವೇದಕದಿಂದ ಅಳೆಯುವುದು. ನಾಲ್ಕು ಅಂಗುಲದ ಹಾಸಿನಲ್ಲಿ ಒಂದೂವರೆ ಅಂಗುಲಕ್ಕಿಂತ ತುಸು ಹೆಚ್ಚಿನ ಈ ಆಳವನ್ನು ಆರಿಸಿಕೊಂಡದ್ದಕ್ಕೆ ಸಕಾರಣವಿದೆ: ಒಂದೇ ಮಗ್ಗುಲಿನಿಂದ ಒಣಗುವ ಕಾಂಕ್ರೀಟನ್ನು ಮುಚ್ಚಿದ ಮೇಲೆ ಅದರ ಮೇಲ್ಮೈ ಮುಟ್ಟುವ ತೇವಾಂಶಕ್ಕೆ ಈ ಆಳದಲ್ಲಿ ಸಿಗುವ ಅಳತೆ ಹತ್ತಿರವಾಗಿರುತ್ತದೆ. ಮೂರರಲ್ಲಿ ಮೂರನೆಯದೇ ನಂಬಲರ್ಹ.

ಕಾಂಕ್ರೀಟನ್ನು ಉಜ್ಜುವ, ಕೊರೆಯುವ ಮುನ್ನ ಹಳೆಯ ಮನೆಯವರು ಎರಡು ಅಪಾಯಗಳನ್ನು ತಿಳಿದಿರಬೇಕು. ಮೊದಲನೆಯದು ಕಲ್ನಾರು. ಇಪ್ಪತ್ತನೆಯ ಶತಮಾನದ ನಡುಭಾಗದ ಮನೆಗಳಲ್ಲಿ ಕಾಣಸಿಗುವ 9 ಅಂಗುಲದ ಚೌಕ ಟೈಲುಗಳಲ್ಲೂ ಅವುಗಳಡಿಯ ಕಪ್ಪು ಅಂಟಿನಲ್ಲೂ ಕಲ್ನಾರು ಇರುವ ಸಂಭವ ಹೆಚ್ಚು. ಅವನ್ನು ಒಣದಾಗಿ ಉಜ್ಜಿದರೆ ಶ್ವಾಸಕೋಶಕ್ಕೆ ಮಾರಕವಾದ ಎಳೆಗಳು ಗಾಳಿಗೆ ಸೇರುತ್ತವೆಯಾದ್ದರಿಂದ, ಪ್ರಯೋಗಾಲಯದಲ್ಲಿ ತುಣುಕೊಂದನ್ನು ಪರೀಕ್ಷಿಸಿ, ಗಟ್ಟಿಯಾಗಿ ಕೂತಿದ್ದರೆ ಕೆದಕದೆ ಹಾಗೆಯೇ ಮುಚ್ಚುವುದು ಲೇಸು. ಎರಡನೆಯದು ರೇಡಾನ್, ಮಣ್ಣಿನಲ್ಲಿರುವ ಯುರೇನಿಯಂ ಕ್ಷಯಿಸುವಾಗ ಹುಟ್ಟಿ ಬಿರುಕುಗಳ ಮೂಲಕ ಮನೆಯೊಳಗೆ ಬರುವ, ಬಣ್ಣವೂ ವಾಸನೆಯೂ ಇಲ್ಲದ ವಿಕಿರಣಶೀಲ ಅನಿಲ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ಪ್ರಮುಖ ಕಾರಣ ಇದೇ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಲೀಟರ್ ಗಾಳಿಗೆ 4 ಪಿಕೊಕ್ಯೂರಿ ಮುಟ್ಟಿದರೆ ಪರಿಹಾರ ಕ್ರಮ ಕೈಗೊಳ್ಳಬೇಕೆಂಬುದು ಅದರ ಸಲಹೆ, ಕೆನಡಾದ ಮಿತಿ ಘನಮೀಟರಿಗೆ 200 ಬೆಕೆರೆಲ್. ಪರಿಹಾರವೆಂದರೆ ನೆಲವನ್ನು ಕೊರೆದು ಕೊಳವೆ ಇಳಿಸಿ, ಕೆಳಗಿನ ಗಾಳಿಯನ್ನು ಫ್ಯಾನಿನ ಮೂಲಕ ಛಾವಣಿಯಾಚೆಗೆ ಹೊರಹಾಕುವುದು. ಹೊಸ ನೆಲ ಹಾಸಿ ಮುಗಿದ ಮೇಲೆ ಅದನ್ನು ಕಿತ್ತು ಕೊರೆಯುವುದಕ್ಕಿಂತ ಮೊದಲೇ ಅಳೆದು ತಿಳಿಯುವುದು ಒಳ್ಳೆಯದು.

ಇನ್ನು ಮಟ್ಟದ ಪ್ರಶ್ನೆ. ವಿನೈಲಿಗೆ ಬೇಕಾದುದು ಏರುತಗ್ಗುಗಳಿಲ್ಲದ ಸಮತಟ್ಟಾದ ಮೇಲ್ಮೈಯೇ ಹೊರತು ರಸಮಟ್ಟದ ಗುಳ್ಳೆ ನಟ್ಟನಡುವೆ ನಿಲ್ಲುವಂಥ ಮಟ್ಟಸ ನೆಲವಲ್ಲ. ಇಡೀ ಕೋಣೆ ನೀರು ಹೋಗುವ ದ್ವಾರದ ಕಡೆಗೆ ತುಸು ವಾಲಿದ್ದರೂ ವಾಲಿಕೆ ಒಂದೇ ಸಮನಾಗಿದ್ದರೆ ಬಾಧಕವಿಲ್ಲ. ಬಹುಪಾಲು ತಯಾರಕರು ಹೇಳುವ ಮಿತಿ 10 ಅಡಿಯ ಉದ್ದಕ್ಕೆ ಒಂದು ಅಂಗುಲದ ಹದಿನಾರನೆಯ ಮೂರು ಭಾಗ, ಅಂದರೆ ಮೂರು ಮೀಟರಿಗೆ ಸುಮಾರು ಐದು ಮಿಲಿಮೀಟರ್. ಉದ್ದನೆಯ ನೇರಪಟ್ಟಿಯನ್ನು ನೆಲದ ಮೇಲೆ ಎಲ್ಲ ದಿಕ್ಕುಗಳಲ್ಲೂ ಸರಿಸುತ್ತ, ಬೆಳಕು ತೂರುವಲ್ಲಿ ತಗ್ಗನ್ನೂ ಪಟ್ಟಿ ತೂಗಾಡುವಲ್ಲಿ ಉಬ್ಬನ್ನೂ ಸೀಮೆಸುಣ್ಣದಿಂದ ಗುರುತಿಸಿಕೊಂಡರೆ ಅರ್ಧ ಕೆಲಸ ಆದಂತೆ. ಉಬ್ಬುಗಳನ್ನು ಧೂಳು ಹೀರುವ ಯಂತ್ರ ಜೋಡಿಸಿದ ಗ್ರೈಂಡರಿನಿಂದ ತೇಯುತ್ತಾರೆ, ಸಣ್ಣ ತಗ್ಗುಗಳಿಗೆ ಸಿಮೆಂಟಿನ ಪಟ್ಟಿ ಹಾಕುತ್ತಾರೆ, ದೊಡ್ಡ ತಗ್ಗುಗಳಿಗೆ ತಾನಾಗಿ ಹರಡಿಕೊಳ್ಳುವ ಸಿಮೆಂಟ್ ಮಿಶ್ರಣವನ್ನು ಸುರಿಯುತ್ತಾರೆ.

ಈ ಸುರಿಯುವ ಕೆಲಸ ನೋಡಲು ಸುಲಭ, ಮಾಡಲು ಅವಸರದ್ದು. ನೆಲವನ್ನು ಗುಡಿಸಿ, ಹಳೆಯ ಬಣ್ಣ, ಎಣ್ಣೆ, ಬಿಳಿ ಉಪ್ಪಿನ ಪುಡಿಗಳನ್ನು ಕೆರೆದು ತೆಗೆದು, ಪ್ರೈಮರ್ ಬಳಿಯಬೇಕು. ಬಳಿಯದಿದ್ದರೆ ಒಣ ಕಾಂಕ್ರೀಟ್ ಮಿಶ್ರಣದ ನೀರನ್ನು ಕ್ಷಣದಲ್ಲಿ ಹೀರಿಕೊಂಡು, ಹೊಸ ಪದರ ಹಳೆಯದಕ್ಕೆ ಕಚ್ಚಿಕೊಳ್ಳದೆ, ತಟ್ಟಿದರೆ ಪೊಳ್ಳು ಸದ್ದು ಮಾಡುತ್ತದೆ. ಚೀಲದ ಮೇಲೆ ಬರೆದಷ್ಟೇ ನೀರು ಬೆರೆಸಿ, ನೀರುದೋಸೆಯ ಹಿಟ್ಟಿನಷ್ಟು ತೆಳುವಾದ ಮಿಶ್ರಣವನ್ನು ದೂರದ ಮೂಲೆಯಿಂದ ಬಾಗಿಲಿನತ್ತ ಸುರಿಯುತ್ತ ಬರುವಾಗ, ಅದು ಬಿಗಿಯುವುದಕ್ಕೆ ಇರುವ ಅವಕಾಶ ಹತ್ತಿಪ್ಪತ್ತು ನಿಮಿಷ ಮಾತ್ರವಾದುದರಿಂದ ಒಬ್ಬರು ಕಲಸುತ್ತಿರುವಾಗ ಇನ್ನೊಬ್ಬರು ಸುರಿದು ಹರಡಬೇಕಾಗುತ್ತದೆ. ನೆಲದ ನೀರು ಹೋಗುವ ದ್ವಾರದ ಸುತ್ತ ಫೋಮ್ ಪಟ್ಟಿಯ ಕಟ್ಟೆ ಕಟ್ಟದೆ ಹೋದರೆ ಮಿಶ್ರಣ ಅದರೊಳಗೆ ಇಳಿದು ಕಲ್ಲಾಗುತ್ತದೆ. ಜಿಪ್ಸಂ ಆಧಾರಿತ ಮಿಶ್ರಣಗಳು ತೇವಕ್ಕೆ ಮೆತ್ತಗಾಗುವುದರಿಂದ ನೆಲಮಾಳಿಗೆಗೆ ಪೋರ್ಟ್‌ಲ್ಯಾಂಡ್ ಸಿಮೆಂಟ್ ಆಧಾರಿತವಾದುದನ್ನೇ ಕೇಳಿ ಪಡೆಯಬೇಕು.

ಇಷ್ಟಾದ ಮೇಲೆ ನೆಲವನ್ನು ಇನ್ನೂ ಎತ್ತರಿಸಬೇಕೇ ಎಂಬುದು ಕೋಣೆಯ ಬಳಕೆಯನ್ನು ಅವಲಂಬಿಸುತ್ತದೆ. ಸಾಮಾನು ಇಡುವ, ಬಟ್ಟೆ ಒಗೆಯುವ ಜಾಗವಾದರೆ ಕಾಂಕ್ರೀಟಿನ ಮೇಲೆ ಪಾಲಿಥೀನ್ ಹಾಳೆಯನ್ನು ಹರಡಿ, ಅಂಟಿಲ್ಲದೆ ಒಂದಕ್ಕೊಂದು ಕಚ್ಚಿಕೊಳ್ಳುವ, ಸುಣ್ಣಕಲ್ಲಿನ ಪುಡಿ ಬೆರೆತ ಗಡಸು ತಿರುಳಿನ ವಿನೈಲ್ ಹಲಗೆಗಳನ್ನು ನೇರವಾಗಿ ಹಾಸಿದರೆ ಸಾಕು. ಜನ ಕುಳಿತು ಮಲಗುವ ಕೋಣೆಗೆ ಅದು ಸಾಲದು. ಅಲ್ಲಿಗೆ ಒಪ್ಪುವ ಕ್ರಮವೆಂದರೆ ಪಾಲಿಥೀನ್ ಹಾಳೆಯ ಮೇಲೆ ಒಂದು ಅಂಗುಲ ದಪ್ಪದ ಗಟ್ಟಿ ಪಾಲಿಸ್ಟೈರೀನ್ ಫೋಮ್ ಹಲಗೆಗಳನ್ನು ಸಂದುಗಳಿಗೆ ಟೇಪು ಹಚ್ಚಿ ಜೋಡಿಸಿ, ಅದರ ಮೇಲೆ ಅರ್ಧ ಅಂಗುಲದ ಪ್ಲೈವುಡ್ಡನ್ನು ಎರಡು ಪದರಗಳಲ್ಲಿ, ಮೇಲಿನ ಪದರದ ಸಂದು ಕೆಳಗಿನ ಸಂದಿನ ಮೇಲೆ ಬಾರದಂತೆ ಅಡ್ಡಡ್ಡಲಾಗಿ ಹರಡಿ, ಎರಡನ್ನೂ ಒಂದಕ್ಕೊಂದು ಸ್ಕ್ರೂ ಬಿಗಿದು ಒಂದೇ ಹಲಗೆಯಂತೆ ಮಾಡುವುದು. ಸ್ಕ್ರೂಗಳು ಕಾಂಕ್ರೀಟಿಗೆ ತಾಗದಿದ್ದರೆ ಕೆಳಗಿನ ಹಾಳೆಗೆ ತೂತು ಬೀಳದು. ಫೋಮ್ ಕುಸಿಯುತ್ತದೆಂಬ ಶಂಕೆ ಸಹಜವಾದರೂ ನಿರಾಧಾರ: ಚದರಂಗುಲಕ್ಕೆ 25 ಪೌಂಡ್ ತಾಳಿಕೆಯ ಹಲಗೆಗೆ ಚದರಡಿಗೆ 3,600 ಪೌಂಡ್ ಲೆಕ್ಕವಾಗುತ್ತದೆ, ಮನೆಯ ಯಾವ ಬೀರುವೂ ಅಷ್ಟು ಒತ್ತಡ ಹಾಕುವುದಿಲ್ಲ. ಮರ ಈಗ ಕಾಂಕ್ರೀಟಿನ ತಂಪಿನಿಂದ ಬೇರ್ಪಟ್ಟು ಕೋಣೆಯ ಉಷ್ಣತೆಗೆ ಹತ್ತಿರವಿರುವುದರಿಂದ ಬೇಸಿಗೆಯ ಆವಿ ಅದರ ಮೇಲೆ ನೀರಾಗಿ ಕೂರುವುದಿಲ್ಲ, ಕಾಲಿಗೂ ಥಂಡಿ ತಟ್ಟುವುದಿಲ್ಲ.

ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುವ, ಎರಡಡಿ ಚೌಕದ, ಅಡಿಯಲ್ಲಿ ಗುಬ್ಬಿಗಳುಳ್ಳ ಪ್ಲಾಸ್ಟಿಕ್ ಅಂಟಿಸಿದ ಹಲಗೆಗಳು ಒಬ್ಬರೇ ಒಂದು ವಾರಾಂತ್ಯದಲ್ಲಿ ಕೂರಿಸಬಹುದಾದಷ್ಟು ಅನುಕೂಲಕರ, ಎತ್ತರವೂ ಒಂದು ಅಂಗುಲದೊಳಗೆ ಮುಗಿಯುತ್ತದೆ. ಆದರೆ ಅವುಗಳ ಶಾಖನಿರೋಧ ಅಲ್ಪ. ಇನ್ನು ಕಾಂಕ್ರೀಟಿನ ಮೇಲೆ ಮರದ ತೊಲೆಪಟ್ಟಿಗಳನ್ನು 16 ಅಂಗುಲಕ್ಕೊಂದರಂತೆ ಮಲಗಿಸಿ, ನಡುವೆ ಗಾಜಿನ ಉಣ್ಣೆ ತುಂಬಿ, ಮೇಲೆ ಪ್ಲೈವುಡ್ ಹೊಡೆಯುವ ಹಳೆಯ ಪದ್ಧತಿಯನ್ನು ಕೈಬಿಡುವುದೇ ಸರಿ. ಆ ಪಟ್ಟಿಗಳ ನಡುವಿನ ಕತ್ತಲ ಪೊಟರೆಗಳಲ್ಲಿ ಒದ್ದೆಯಾದ ಉಣ್ಣೆ ಒಣಗುವುದಿಲ್ಲ. ಮೇಲೆ ಆವಿ ಬಿಡದ ವಿನೈಲ್ ಬಂದ ಮೇಲಂತೂ ಅಲ್ಲಿ ಬೆಳೆದ ಬೂಷ್ಟು ವಾಸನೆಯ ಮೂಲಕ ತಾನೇ ತಿಳಿಸುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಫೋಮ್ ಮತ್ತು ಪ್ಲೈವುಡ್ ಸೇರಿ ನೆಲ ಎರಡು ಅಂಗುಲ ಏರುತ್ತದೆ ಎಂಬುದೇ ಈ ಕ್ರಮದ ದೊಡ್ಡ ಬೆಲೆ. ಅಮೆರಿಕದ ಹೆಚ್ಚಿನ ರಾಜ್ಯಗಳು ಆಧಾರವಾಗಿಟ್ಟುಕೊಂಡಿರುವ ವಾಸದ ಮನೆಗಳ ಮಾದರಿ ನಿಯಮಾವಳಿ ವಾಸಯೋಗ್ಯ ಕೋಣೆಗೆ 7 ಅಡಿ ಎತ್ತರವನ್ನು ಕೇಳುತ್ತದೆ. ಹಳೆಯ ಮಾಳಿಗೆಗಳಲ್ಲಿ ಆ ಎರಡು ಅಂಗುಲವೇ ಕೋಣೆಯ ಎತ್ತರವನ್ನು ಈ ಮಿತಿಗಿಂತ ಕೆಳಗಿಳಿಸಬಹುದು. ಅದಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಮೆಟ್ಟಿಲು. ಒಂದು ಮೆಟ್ಟಿಲಸಾಲಿನಲ್ಲಿ ಅತಿ ಎತ್ತರದ ಮತ್ತು ಅತಿ ಗಿಡ್ಡ ಮೆಟ್ಟಿಲುಗಳ ನಡುವಣ ವ್ಯತ್ಯಾಸ ಅಂಗುಲದ ಎಂಟನೆಯ ಮೂರು ಭಾಗವನ್ನು ಮೀರಬಾರದೆಂದು ಅದೇ ನಿಯಮಾವಳಿ ಹೇಳುತ್ತದೆ, ಏಕೆಂದರೆ ಇಳಿಯುವ ಕಾಲು ಎರಡು ಮೂರು ಮೆಟ್ಟಿಲುಗಳಲ್ಲೇ ಎತ್ತರವನ್ನು ರೂಢಿಸಿಕೊಂಡು ಉಳಿದವನ್ನು ನೋಡದೆ ಇಳಿಯುತ್ತದೆ. ಏಳೂಮುಕ್ಕಾಲು ಅಂಗುಲದ ಕೊನೆಯ ಮೆಟ್ಟಿಲು ಹೊಸ ನೆಲದಿಂದಾಗಿ ಐದೂಮುಕ್ಕಾಲಿಗೆ ಇಳಿದರೆ ವಯಸ್ಸಾದವರು ಮುಗ್ಗರಿಸುವುದು ಅಲ್ಲಿಯೇ. ಮೆಟ್ಟಿಲುಗಳನ್ನು ಹೊಸದಾಗಿ ಹಂಚಿ ಕಟ್ಟುವ ಖರ್ಚನ್ನು ಮೊದಲ ಲೆಕ್ಕದಲ್ಲೇ ಸೇರಿಸಬೇಕು. ಅದು ಆಗದೆಂದಾದರೆ ಫೋಮನ್ನು ಬಿಟ್ಟು ತೆಳುವಾದ ಹಾಸಿಗೆ ಒಪ್ಪಿಕೊಳ್ಳುವುದು ಹೆಚ್ಚು ಕ್ಷೇಮ.

ಪ್ಲೈವುಡ್ಡಿನ ಮೇಲ್ಮೈಗೆ ಕೊನೆಯ ಗಮನ ಸಲ್ಲಬೇಕು. ತೆಳು ವಿನೈಲ್ ತನ್ನ ಕೆಳಗಿರುವುದನ್ನೆಲ್ಲ ಕೆಲವೇ ತಿಂಗಳಲ್ಲಿ ಮೇಲೆ ತೋರಿಸಿಬಿಡುತ್ತದೆ. ಎದ್ದು ನಿಂತ ಒಂದು ಸ್ಕ್ರೂ ತಲೆ, ಸಂದಿನಲ್ಲಿ ಅಂಚು ಉಬ್ಬಿದ ಒಂದು ಹಲಗೆ, ಅಡಿಯಲ್ಲಿ ಉಳಿದ ಒಂದು ಮರಳ ಕಾಳು ಕಿಟಕಿಯ ಓರೆ ಬೆಳಕಿನಲ್ಲಿ ನೆರಳು ಬೀರುತ್ತವೆ. ಆದ್ದರಿಂದ ಸ್ಕ್ರೂ ತಲೆಗಳನ್ನು ಮೈಮಟ್ಟಕ್ಕಿಂತ ಕೆಳಗಿಳಿಸಿ, ಸಂದುಗಳನ್ನು ಪ್ಯಾಚ್ ಮಿಶ್ರಣದಿಂದ ತುಂಬಿ ಉಜ್ಜುತ್ತಾರೆ. ಹಲಗೆಗಳ ನಡುವೆ ಎಂಟನೆಯ ಒಂದು ಅಂಗುಲ, ಗೋಡೆಯ ಬಳಿ ಅದಕ್ಕಿಂತ ಹೆಚ್ಚು ಜಾಗ ಬಿಡುತ್ತಾರೆ. ತನ್ನ ಬೆನ್ನಿಗೇ ಮೆತ್ತೆ ಅಂಟಿಕೊಂಡು ಬಂದ ವಿನೈಲ್ ಹಲಗೆಯಾದರೆ ಕೆಳಗೆ ಮತ್ತೊಂದು ಮೆತ್ತೆ ಹಾಸಬಾರದು. ತುಳಿದಾಗ ಹಲಗೆ ಕುಗ್ಗಿ ಅದರ ಕಚ್ಚುಗಳು ಮುರಿಯುತ್ತವೆ. ನೃತ್ಯಾಭ್ಯಾಸ ನಡೆಯುವ ಮನೆಗಳಲ್ಲಿ ಈ ಮಾತಿಗೆ ವಿಶೇಷ ಮಹತ್ವವಿದೆ. ಕಾಂಕ್ರೀಟಿನ ಮೇಲೆ ನೇರವಾಗಿ ಹಾಸಿದ ಗಡಸು ವಿನೈಲಿನ ಮೇಲೆ ಮಗುವೊಂದು ವರ್ಷಗಟ್ಟಲೆ ತಟ್ಟಡವು ಹಾಕಿದರೆ ಆ ಪೆಟ್ಟೆಲ್ಲ ಹಿಮ್ಮಡಿ, ಮೊಣಕಾಲುಗಳಿಗೆ ಮರಳುತ್ತದೆ. ಮೃದುವಾಗಲೆಂದು ಮೆತ್ತೆ ಸೇರಿಸಿದರೆ ಹಲಗೆಯ ಕಚ್ಚುಗಳು ಸೋಲುತ್ತವೆ. ಎರಡು ಪದರದ ಪ್ಲೈವುಡ್ ಮರದ ನೆಲದ ಮಿಡಿತವನ್ನು ಕೊಟ್ಟು ಹಲಗೆಗಳನ್ನೂ ಕಾಯುತ್ತದೆ.

ಎಷ್ಟೇ ಎಚ್ಚರ ವಹಿಸಿದರೂ ನೀರು ಕಾಯಿಸುವ ತೊಟ್ಟಿ ಒಂದು ದಿನ ಸೋರಬಹುದು, ಒಗೆಯುವ ಯಂತ್ರದ ಕೊಳವೆ ಕಳಚಬಹುದು. ಆಗ ವಿನೈಲಿಗೆ ಏನೂ ಆಗಿರುವುದಿಲ್ಲ, ಅದರಡಿಗೆ ನುಸುಳಿದ ನೀರು ಮಾತ್ರ ಅಲ್ಲಿಯೇ ಉಳಿಯುತ್ತದೆ. ಅಂಟಿಲ್ಲದೆ ಹಾಸಿದ ಹಲಗೆಗಳನ್ನು ಗೋಡೆಯ ಕಡೆಯಿಂದ ಸಾಲುಸಾಲಾಗಿ ಬಿಡಿಸಿ, ಪ್ಲೈವುಡ್ಡಿನ ಸ್ಕ್ರೂ ಕಳಚಿ, ಎರಡು ದಿನಗಳೊಳಗೆ ಫ್ಯಾನು ಮತ್ತು ಡಿಹ್ಯುಮಿಡಿಫೈಯರ್ ಹಚ್ಚಿ ಒಣಗಿಸಿದರೆ ಬಹುಪಾಲು ನೆಲವನ್ನು ಮತ್ತೆ ಕೂರಿಸಬಹುದು. ಅಂಟು ಮೆತ್ತಿ ಕೂರಿಸಿದ್ದಕ್ಕೆ ಈ ಅವಕಾಶವಿಲ್ಲ. ಆದುದರಿಂದಲೇ ನೀರು ಕಾಯಿಸುವ ತೊಟ್ಟಿ, ಮನೆಯನ್ನು ಬೆಚ್ಚಗಿಡುವ ಕುಲುಮೆ ಮತ್ತು ನೆಲದ ನೀರುದ್ವಾರ ಇರುವ ಮೂಲೆಯನ್ನು ಅಡಿಹಾಸಿನಿಂದ ಹೊರಗಿಟ್ಟು ಬರಿಯ ಕಾಂಕ್ರೀಟಾಗಿಯೇ ಉಳಿಸಬೇಕು, ಸೋರಿದ ನೀರು ಹೊಸ ನೆಲದಡಿಗೆ ತಿರುಗದೆ ದ್ವಾರದ ಕಡೆಗೇ ಹರಿಯುವಂತೆ ಅಂಚಿಗೆ ಗಿಡ್ಡ ಕಟ್ಟೆಯೊಂದನ್ನು ಕೂರಿಸಬೇಕು, ಮತ್ತು ಅದೇ ತಯಾರಿಕೆಯ ಹಲಗೆಗಳ ಒಂದೆರಡು ಪೆಟ್ಟಿಗೆಗಳನ್ನು ಮುಂದಿನ ದುರಸ್ತಿಗೆಂದು ಎತ್ತಿಡಬೇಕು.